ನೆಲೆಯಿಲ್ಲದ ಮಕ್ಕಳ ಜೊತೆ ಶಾಲೆ, ಸಂಘ-ಸಂಸ್ಥೆಗಳು ನಿಲ್ಲುವುದು ಹೇಗೆ? – ಪ್ರಶ್ನೋತ್ತರ

ಈ ವಾರ ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಹುಬ್ಬಳ್ಳಿ ಭಾಗದಲ್ಲಿ ಹಲವು ವರ್ಷಗಳಿಂದ ಮಕ್ಕಳ ರಕ್ಷಣೆಯ ಕೆಲಸ ಮಾಡುತ್ತಿರುವ ಸಮಾಜ ಕಾರ್ಯಕರ್ತೆ. ಪ್ರಶ್ನೆ ಕೇಳುವವರು ದಯವಿಟ್ಟು ಮಕ್ಕಳ ಹೆಸರು, ಫೋಟೊ ಹಾಕಬೇಡಿ.

ಪ್ರಶ್ನೆ (ಸರ್ಕಾರಿ ಶಾಲೆಯ ಶಿಕ್ಷಕಿ, ಗದಗ ಜಿಲ್ಲೆ): ನಮಸ್ತೆ ಮೇಡಂ. ನಮ್ಮ ಏಳನೇ ತರಗತಿಯ ಹುಡುಗನೊಬ್ಬ ದಸರಾ ರಜೆ ಮುಗಿದ ಮೇಲೆ ಸರಿಯಾಗಿ ಶಾಲೆಗೆ ಬರುತ್ತಿಲ್ಲ. ತಂದೆ ಇಲ್ಲ. ತಾಯಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ಇವನನ್ನು ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿ ಹೊಡೆತ ತಾಳಲಾರದೆ ಈಗ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಾನಂತೆ. ಬಿಸಿಯೂಟದ ಹೊತ್ತಿಗೆ ಗೇಟಿನ ಹತ್ತಿರ ಬಂದು ನಿಲ್ಲುತ್ತಾನೆ, ಒಳಗೆ ಬರುವುದಿಲ್ಲ. ಹಾಜರಿ ಇಲ್ಲ, ಹೆಸರು ತೆಗೆದುಬಿಡೋಣ ಅಂತ ಶಾಲೆಯಲ್ಲಿ ಮಾತಾಗುತ್ತಿದೆ. ನಾನೇನು ಮಾಡಲಿ?

ಉತ್ತರ: ಟೀಚರ್, ಹೆಸರು ತೆಗೆಯುವ ಮಾತನ್ನು ಮೊದಲು ನಿಲ್ಲಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ಇದನ್ನು ಜಗಳದ ಧಾಟಿಯಲ್ಲಿ ಹೇಳಬೇಕಾಗಿಲ್ಲ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಸಮಾಧಾನವಾಗಿ ಹೇಳಿ, ನಡಾವಳಿಯಲ್ಲಿ ಬರೆಸಿ. ಆ ಹುಡುಗನಿಗೆ ಈಗ ಈ ಊರಿನಲ್ಲಿ ಉಳಿದಿರುವ ಒಂದೇ ವಿಳಾಸ ನಿಮ್ಮ ಹಾಜರಿ ಪುಸ್ತಕ.

ಅವನು ಗೇಟಿನ ತನಕ ಬರುತ್ತಿದ್ದಾನಲ್ವಾ, ಅದು ಬಹಳ ದೊಡ್ಡ ವಿಷಯ. ಊಟಕ್ಕಷ್ಟೇ ಬರುತ್ತಾನೆ ಎಂದು ಯಾರಾದರೂ ಗೊಣಗಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಊಟಕ್ಕೇ ಬರಲಿ. ಗೇಟಿನ ಹತ್ತಿರ ನಿಂತ ಹುಡುಗನನ್ನು ಎಲ್ಲರ ಎದುರು ಕೂಗಿ ಕರೆಯಬೇಡಿ. ನೀವೇ ಹತ್ತಿರ ಹೋಗಿ, "ಊಟ ಮಾಡು ಬಾ" ಅನ್ನಿ, ಅಷ್ಟೇ ಸಾಕು. "ಇಷ್ಟು ದಿನ ಎಲ್ಲಿ ಹೋಗಿದ್ದೆ?" ಎನ್ನುವ ಪ್ರಶ್ನೆ ಅವತ್ತು ಬೇಡ. ಬಯ್ಯಿಸಿಕೊಂಡು ಬಯ್ಯಿಸಿಕೊಂಡು ಬೇಸತ್ತ ಮಗುವಿಗೆ ಅದು ಮತ್ತೊಂದು ವಿಚಾರಣೆಯಂತೆ ಕೇಳಿಸುತ್ತದೆ.

ಅವನು ಒಳಗೆ ಬಾರದಿರುವುದಕ್ಕೆ ಕಾರಣ ತುಂಬಾ ಸಲ ಬಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಮಲಗಿ ಎದ್ದ ಅಂಗಿ ವಾಸನೆ ಹೊಡೆಯುತ್ತದೆ, ಪಕ್ಕದಲ್ಲಿ ಕೂತವರು ಸರಿದು ಕೂರುತ್ತಾರೆ. ಒಮ್ಮೆ ಹಾಗಾದರೆ ಮರುದಿನ ಅವನು ಬರುವುದಿಲ್ಲ. ಸಮವಸ್ತ್ರದ ಒಂದು ಜೊತೆ, ಒಂದು ಟವೆಲ್, ಸೋಪು ಇವನ್ನು ಶಾಲೆಯ ಬೀರುವಿನಲ್ಲೇ ಇಡಿ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಬಂದು ಕೈಕಾಲು ಮುಖ ತೊಳೆದು ಬಟ್ಟೆ ಬದಲಾಯಿಸಿಕೊಳ್ಳಲು ಬಿಡಿ. ಪುಸ್ತಕದ ಚೀಲವೂ ಶಾಲೆಯಲ್ಲೇ ಇರಲಿ. ಹೊರಗೆ ಮಲಗುವ ಮಗು ಚೀಲ ಕಾಯುವುದು ಸುಲಭವಲ್ಲ. ಇದಕ್ಕೆ ಯಾರ ಆದೇಶವೂ ಬೇಕಾಗಿಲ್ಲ.

ಇನ್ನು ತಡ ಮಾಡಬಾರದ ಕೆಲಸ. ದೊಡ್ಡವರ ಆಸರೆ ಇಲ್ಲದೆ ಇರುವ ಮಗು ಕಂಡರೆ 24 ಗಂಟೆಯೊಳಗೆ ತಿಳಿಸಬೇಕು ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಪೊಲೀಸರಿಗೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ಹೇಳಬಹುದು. ಇವತ್ತೇ ಕರೆ ಮಾಡಿ. ಕರೆ ಮಾಡುವ ಮುಂಚೆ ಅವನಿಗೊಂದು ಮಾತು ತಿಳಿಸಿ. "ನಿನ್ನ ಜೊತೆ ನಾನೂ ಬರುತ್ತೇನೆ" ಅನ್ನಿ, ಮತ್ತೆ ನಿಜವಾಗಿಯೂ ಹೋಗಿ.

ಅದೇ ಶಿಕ್ಷಕಿ: ಧನ್ಯವಾದ ಮೇಡಂ. ಸಮಿತಿಗೆ ಹೇಳಿದರೆ ಅವನನ್ನು ಹಿಡಿದುಕೊಂಡು ಹೋಗಿ ಬಾಲಮಂದಿರಕ್ಕೆ ಹಾಕಿಬಿಡುತ್ತಾರೆ ಅಂತ ಭಯ. ಅವನಿಗೆ ಅಮ್ಮ ಬೇಕು.

ಉತ್ತರ: ಈ ಭಯ ನಿಮ್ಮೊಬ್ಬರದಲ್ಲ. ಸಮಿತಿ ಎಂದರೆ ಪೊಲೀಸ್ ಠಾಣೆ ಅಲ್ಲ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಮಗುವಿನ ಮಾತು ಕೇಳಿ, ಮನೆಯ ಪರಿಸ್ಥಿತಿ ವಿಚಾರಿಸಿ ತೀರ್ಮಾನ ಮಾಡಬೇಕು. ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ.

ನಿಮ್ಮ ಹುಡುಗನ ವಿಷಯದಲ್ಲಿ ನಾನಾಗಿದ್ದರೆ ಪ್ರಾಯೋಜಕತ್ವ ಕೇಳುತ್ತಿದ್ದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಬಡ ಕುಟುಂಬದ ಮಗು ಮನೆಯವರ ಜೊತೆಯಲ್ಲೇ ಇದ್ದು ಓದಲಿ ಎಂದು ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ರೂಪಾಯಿ, ಪಟ್ಟಣದಲ್ಲಿ 96,000 ರೂಪಾಯಿ ದಾಟಿರಬಾರದು. ಎಷ್ಟೋ ತಾಯಂದಿರು ಮಗನನ್ನು ಬಿಟ್ಟು ದುಡಿಯಲು ಹೋಗುವುದು ಇದಕ್ಕಿಂತ ಸ್ವಲ್ಪ ಜಾಸ್ತಿ ಹಣಕ್ಕೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಿಗುತ್ತದೆ. ಆದರೆ ಹಣ ಮಂಜೂರಾಗಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ರಾತ್ರಿ ಎಲ್ಲಿ ಇರಬೇಕು ಎನ್ನುವುದನ್ನು ಸಮಿತಿಯ ಎದುರೇ ಕೇಳಿ ಇತ್ಯರ್ಥ ಮಾಡಿಕೊಳ್ಳಿ. ಸೋದರಮಾವನ ಮನೆಯಲ್ಲಿ ಹೊಡೆತ ಬಿದ್ದಿದೆ ಎಂಬುದನ್ನು ಮುಚ್ಚಿಡಬೇಡಿ. ಅದು ಗೊತ್ತಾಗದಿದ್ದರೆ "ಬಂಧುಗಳಿದ್ದಾರಲ್ಲ" ಎಂದು ಅಲ್ಲಿಗೇ ಕಳಿಸುವ ಸಾಧ್ಯತೆ ಇದೆ.

ಸಮಿತಿಯ ಮುಂದೆ ಹೋಗುವಾಗ ಒಂದು ಪುಟದ ಪತ್ರ ತೆಗೆದುಕೊಂಡು ಹೋಗಿ. ಹುಡುಗ ಯಾವಾಗಿಂದ ನಿಮ್ಮ ಶಾಲೆಯಲ್ಲಿದ್ದಾನೆ, ಏನು ಚೆನ್ನಾಗಿ ಮಾಡುತ್ತಾನೆ, ಯಾವಾಗಿಂದ ಬರುವುದು ತಪ್ಪಿತು, ತಾಯಿಯ ಫೋನ್ ನಂಬರ್ ಏನು ಎಂದು ಬರೆಯಿರಿ. ಅವನನ್ನು ದಿನಾ ನೋಡಿದವರು ಬರೆದ ಪತ್ರ ಸಮಿತಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ (ಯುವಕ ಸಂಘದ ಸದಸ್ಯ, ಬೆಂಗಳೂರು): ಮೇಡಂ, ನಾವು ಹತ್ತಾರು ಗೆಳೆಯರು ಸೇರಿ ಹಣ ಕೂಡಿಸಿದ್ದೇವೆ. ಯಶವಂತಪುರದ ಕಡೆ ಒಂದು ಮನೆ ಬಾಡಿಗೆಗೆ ಹಿಡಿದು ಬೀದಿಯಲ್ಲಿರುವ ಮಕ್ಕಳಿಗೆ ಆಶ್ರಮ ಶುರು ಮಾಡಬೇಕು ಅಂತಿದ್ದೇವೆ. ಹೇಗೆ ಮುಂದುವರಿಯುವುದು?

ಉತ್ತರ: ನಿಮ್ಮ ಮನಸ್ಸಿಗೆ ನಮಸ್ಕಾರ. ಆದರೆ ಮನೆ ಹಿಡಿಯಬೇಡಿ ಎಂದೇ ಹೇಳುತ್ತೇನೆ. ಮಕ್ಕಳನ್ನು ಇರಿಸಿಕೊಳ್ಳುವ ಯಾವ ಸಂಸ್ಥೆಯೇ ಆಗಲಿ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ಟ್ರಸ್ಟ್ ಅಥವಾ ಸೊಸೈಟಿ ನೋಂದಣಿ ಸಾಲದು. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದ ತನಕ ಜೈಲು, ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು. ಕಾನೂನಿನ ಮಾತು ಹಾಗಿರಲಿ. ರಾತ್ರಿ ಎರಡು ಗಂಟೆಗೆ ಜ್ವರ ಬಂದ ಮಗುವಿನ ಪಕ್ಕ ಕೂರುವವರು ಯಾರು? ಎರಡು ವರ್ಷದ ನಂತರ ನಿಮ್ಮಲ್ಲಿ ಅರ್ಧ ಜನರಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕರೆ ಬಾಡಿಗೆ ಕಟ್ಟುವವರು ಯಾರು? ಒಮ್ಮೆ ನೆಲೆ ತಪ್ಪಿದ ಮಗುವಿಗೆ ಇನ್ನೊಮ್ಮೆ ನೆಲೆ ತಪ್ಪಬಾರದು.

ಬೆಂಗಳೂರಿನಲ್ಲಿ ಈ ಕೆಲಸ ಹೊಸದಲ್ಲ. ಬಾಸ್ಕೊ ಸಂಸ್ಥೆ 1980ರಿಂದ ಬೀದಿ ಮಕ್ಕಳ ನಡುವೆ ಇದೆ. ಅಪ್ಸಾ ಸಂಸ್ಥೆ 1981ರಲ್ಲಿ ಶುರುವಾಯಿತು. ಇಂಥವರ ಹತ್ತಿರ ಹೋಗಿ, "ನಿಮಗೆ ಏನು ಕಡಿಮೆ ಬಿದ್ದಿದೆ?" ಎಂದು ಕೇಳಿ. ಕಂಬಳಿ, ಬಿಸ್ಕತ್ತು ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕಡಿಮೆ ಬೀಳುವುದು ಬೇರೆಯವೇ. ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸುವುದು, ಹಲ್ಲು ನೋವಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಬಸ್ ಪಾಸ್, ಪರೀಕ್ಷೆ ಶುಲ್ಕ, ತಾಯಿಯನ್ನು ಹುಡುಕಿಕೊಂಡು ಯಾದಗಿರಿಗೆ ಹೋಗಿಬರುವ ಖರ್ಚು. ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ಬಂದು ಗಣಿತ ಹೇಳಿಕೊಡುವ ಒಬ್ಬ ಅಣ್ಣ. ಬರುತ್ತೇನೆ ಎಂದು ಹೇಳಿ ಬಾರದಿರುವುದಕ್ಕಿಂತ ಹೇಳದೇ ಇರುವುದು ವಾಸಿ.

ಇನ್ನೊಂದು ಮಾತು. ಮಕ್ಕಳ ಜೊತೆ ಸೆಲ್ಫಿ ತೆಗೆದು ಫೇಸ್‌ಬುಕ್‌ಗೆ ಹಾಕಬೇಡಿ. ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲು ಮಾಡುವುದು ಅಪರಾಧ, ಆರು ತಿಂಗಳ ತನಕ ಜೈಲು, ಎರಡು ಲಕ್ಷದ ತನಕ ದಂಡ, ಅಥವಾ ಎರಡೂ ಆಗಬಹುದು. ದಾನಿಗಳಿಗೆ ತೋರಿಸಲು ಫೋಟೊ ಬೇಕು ಎನ್ನುತ್ತಾರೆ. ಖರ್ಚಿನ ರಸೀದಿ ತೋರಿಸಿ.

ಪ್ರತಿಕ್ರಿಯೆ (ಒಬ್ಬ ಸದಸ್ಯರು): ಇದೆಲ್ಲ ಕೇಳಲು ಚೆನ್ನಾಗಿದೆ. ಆದರೆ ಈ ಮಕ್ಕಳು ಎಲ್ಲಿ ಇಟ್ಟರೂ ಓಡಿ ಹೋಗುತ್ತಾರೆ. ನಶೆಗೆ ಪಂಕ್ಚರ್ ಸೊಲ್ಯೂಷನ್ ಮೂಸುವ ಅಭ್ಯಾಸ ಬೇರೆ. ಸುಮ್ನೆ ಹಣ ವ್ಯರ್ಥ ಅಲ್ವಾ?

ಉತ್ತರ: ಓಡಿ ಹೋಗುತ್ತಾರೆ, ನಿಜ ಸರ್. ಯಾಕೆ ಓಡುತ್ತಾರೆ ಎನ್ನುವುದನ್ನೂ ನೋಡೋಣ. ಕುಡಿದು ಹೊಡೆಯುವ ಅಪ್ಪ, ಪರೀಕ್ಷೆಯಲ್ಲಿ ಫೇಲಾದ ಹೆದರಿಕೆ, ಗ್ಯಾರೇಜಿನಲ್ಲಿ ಸಂಬಳ ಕೊಡದ ಮಾಲೀಕ, ಕೆಲವೊಮ್ಮೆ ಬಾಯಿ ಬಿಟ್ಟು ಹೇಳಲಾಗದ ಕಿರುಕುಳ. ರೈಲು ಹತ್ತಿ ಬಂದ ಹುಡುಗನನ್ನು ಕಾರಣ ಕೇಳದೆ ಮುಂದಿನ ರೈಲಿಗೆ ವಾಪಸ್ ಕಳಿಸಿದರೆ ಅವನು ಮತ್ತೆ ಬರುತ್ತಾನೆ, ಈ ಸಲ ಇನ್ನೂ ದೂರದ ಊರಿಗೆ. ರಾಯಚೂರಿನಲ್ಲಿ 1992ರಲ್ಲಿ ಶುರುವಾದ ಸಾಥಿ ಸಂಸ್ಥೆ ಇಂಥ ಮಕ್ಕಳಿಗೆ ಶಿಬಿರ ನಡೆಸುತ್ತದೆ. ಅಲ್ಲಿ ಆಟ, ಮಾತು, ಊಟ. ಮಗುವಿನ ಮನಸ್ಸು ತಿಳಿಯಾಗಿ, ಮನೆಯವರ ಜೊತೆಗೂ ಮಾತಾದ ಮೇಲೆ ಮನೆಗೆ ಸೇರಿಸುವ ಕ್ರಮ ಅವರದು. ಅವಸರ ಮಾಡದೆ ಕಳಿಸಿದ ಮಗು ಮನೆಯಲ್ಲಿ ನಿಲ್ಲುವುದು ಜಾಸ್ತಿ.

ಸೊಲ್ಯೂಷನ್ ವಿಷಯ. ಹಸಿವು, ಚಳಿ, ಹೆದರಿಕೆ ಮರೆಯಲು ಅದನ್ನು ಬಟ್ಟೆಗೆ ಹಾಕಿ ಮೂಸುತ್ತಾರೆ. ಕಸಿದುಕೊಂಡು ಹೊಡೆದರೆ ಚಟ ಬಿಡುವುದಿಲ್ಲ, ನಿಮ್ಮನ್ನು ನಂಬುವುದನ್ನು ಬಿಡುತ್ತಾರೆ. ಇದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ಇದೆ, ನಮ್ಮ ಕಡೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಕೋಪ ಮಾಡಿಕೊಳ್ಳಬೇಕಾದರೆ ಮಾರುವವರ ಮೇಲೆ ಮಾಡಿಕೊಳ್ಳಿ. ಮಗುವಿಗೆ ಅಮಲಿನ ಪದಾರ್ಥ ಕೊಟ್ಟರೆ ಏಳು ವರ್ಷದ ತನಕ ಜೈಲು ಇದೆ. ಹತ್ತಿರದ ಅಂಗಡಿಯವರಿಗೆ ಶಾಲೆಯ ಪರವಾಗಿ ಒಮ್ಮೆ ಹೋಗಿ ಹೇಳಿ ಬನ್ನಿ.

ಪ್ರಶ್ನೆ (ಮುಖ್ಯ ಶಿಕ್ಷಕರು, ಬೆಂಗಳೂರು ಹೊರವಲಯ): ನಮ್ಮ ಶಾಲೆಯ ಹಿಂದೆ ಕಟ್ಟಡ ಕಾರ್ಮಿಕರ ಶೆಡ್‌ಗಳಿವೆ. ಹೆಚ್ಚಿನವರು ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರು. ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಬಂದು ಸೇರಿಸಿಕೊಳ್ಳಿ ಅನ್ನುತ್ತಾರೆ. ಟಿಸಿ ಇಲ್ಲ, ಆಧಾರ್ ಇಲ್ಲ, ಜನನ ಪ್ರಮಾಣಪತ್ರ ಇಲ್ಲ. ಸೇರಿಸಿಕೊಂಡರೆ ನನಗೆ ತೊಂದರೆ ಆಗುತ್ತದೆಯೇ?

ಉತ್ತರ: ಸೇರಿಸಿಕೊಳ್ಳದಿದ್ದರೆ ತಪ್ಪಾಗುತ್ತದೆ ಸರ್. ವಯಸ್ಸಿನ ದಾಖಲೆ ಇಲ್ಲ, ಟಿಸಿ ತಡವಾಗಿದೆ, ವರ್ಷದ ಮಧ್ಯೆ ಬಂದಿದ್ದಾರೆ ಎಂಬ ಈ ಮೂರೂ ಕಾರಣಕ್ಕೆ ಮಗುವನ್ನು ವಾಪಸ್ ಕಳಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಬೇರೆಬೇರೆ ಕಲಂಗಳಲ್ಲಿ ಹೇಳಿದೆ. ಅಂಗನವಾಡಿ ಅಥವಾ ಆಸ್ಪತ್ರೆಯ ದಾಖಲೆ ಇದ್ದರೆ ನೋಡಿ, ಅದೂ ಇಲ್ಲದಿದ್ದರೆ ಪೋಷಕರಿಂದ ವಯಸ್ಸಿನ ಘೋಷಣೆ ಬರೆಸಿಕೊಳ್ಳಿ.

ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ. ಹನ್ನೊಂದು ವರ್ಷದ ಹುಡುಗಿಯನ್ನು ಒಂದನೇ ತರಗತಿಯ ಪುಟ್ಟ ಮಕ್ಕಳ ಜೊತೆ ಕೂರಿಸಿದರೆ ಅವಳು ಒಂದು ವಾರ ಕೂಡ ನಿಲ್ಲುವುದಿಲ್ಲ. ಹಿಂದುಳಿದಿದ್ದನ್ನು ತುಂಬಿಕೊಡಲು ವಿಶೇಷ ತರಬೇತಿಗೆ ಅವಕಾಶ ಇದೆ, ಮೂರು ತಿಂಗಳಿಂದ ಎರಡು ವರ್ಷದ ತನಕ. ಸಂಘ-ಸಂಸ್ಥೆಯವರು ಇಲ್ಲಿ ನಿಮಗೆ ಹೆಗಲು ಕೊಡಬಹುದು. ಹಿಂದೆ ಚಿನ್ನರ ಅಂಗಳ, ಟೆಂಟ್ ಶಾಲೆಗಳೆಲ್ಲ ನಡೆದದ್ದು ಇದೇ ಉದ್ದೇಶಕ್ಕೆ. ಹೀಗೆ ತಡವಾಗಿ ಸೇರಿದ ಮಗುವಿಗೆ 14 ತುಂಬಿದರೂ ಎಂಟನೇ ತರಗತಿ ಮುಗಿಯುವ ತನಕ ಉಚಿತ ಶಿಕ್ಷಣ ಸಿಗಬೇಕು.

ಇವರಲ್ಲಿ ಅನೇಕರು ಯುಗಾದಿ ಹೊತ್ತಿಗೆ ಊರಿಗೆ ಮರಳುತ್ತಾರೆ. ಆಗ ಏನು ಕಲಿತಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟು ಕಳಿಸಿ, ಊರಿನ ಶಾಲೆಯ ಹೆಡ್‌ಮಾಸ್ತರಿಗೆ ಒಂದು ಫೋನ್ ಮಾಡಿ. ಹೆಣ್ಣುಮಕ್ಕಳ ಬಗ್ಗೆ ಸ್ವಲ್ಪ ಜಾಸ್ತಿ ನಿಗಾ ಇರಲಿ. ಹುಡುಗರು ಬೀದಿಯಲ್ಲಿ ಕಾಣಿಸುತ್ತಾರೆ. ಹುಡುಗಿಯರು ಶೆಡ್ಡಿನಲ್ಲಿ ತಮ್ಮ-ತಂಗಿಯರನ್ನು ನೋಡಿಕೊಳ್ಳುತ್ತಲೋ, ಯಾರದೋ ಮನೆಗೆಲಸದಲ್ಲೋ ಇರುತ್ತಾರೆ, ಇಲ್ಲವೇ ಸದ್ದಿಲ್ಲದೆ ಮದುವೆ ಆಗಿಹೋಗಿರುತ್ತದೆ. ಆರನೇ ತರಗತಿ ಮೇಲ್ಪಟ್ಟವರಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಅರ್ಜಿ ತುಂಬುವ ದಿನಗಳಲ್ಲಿ ಶೆಡ್‌ಗೆ ಹೋಗಿ ತಾಯಂದಿರ ಜೊತೆ ಕೂತು ಮಾತಾಡಿ.

ಪ್ರಶ್ನೆ (ಸಂಸ್ಥೆಯೊಂದರ ಕಾರ್ಯಕರ್ತೆ, ಬೆಳಗಾವಿ): ಅಕ್ಕಾ, ನಮ್ಮಲ್ಲಿ ಬೆಳೆದ ಇಬ್ಬರು ಹುಡುಗರಿಗೆ ಬರುವ ಜೂನ್‌ಗೆ 18 ತುಂಬುತ್ತದೆ. ಆಮೇಲೆ ಇಲ್ಲಿ ಇರುವಂತಿಲ್ಲ. ಒಬ್ಬ ಪಿಯುಸಿ, ಇನ್ನೊಬ್ಬ ಎಸ್ಸೆಸ್ಸೆಲ್ಸಿ ಫೇಲು. ಅವರನ್ನು ಹೇಗೆ ಕಳಿಸುವುದು ಅಂತ ನಿದ್ದೆ ಬರುತ್ತಿಲ್ಲ.

ಉತ್ತರ: ತಂಗಿ, ಇನ್ನೂ ಕೆಲವು ತಿಂಗಳಿದೆ ಅಂತ ಸುಮ್ಮನೆ ಕೂರಬೇಡ. 18 ತುಂಬಿದವರಿಗೆ 21ರ ತನಕ ನೆರವು ಕೊಡಲು ಕಾಯ್ದೆಯಲ್ಲೇ ಅವಕಾಶ ಇದೆ. ಅನುಪಾಲನೆ ಎಂದು ಕರೆಯುತ್ತಾರೆ. ಮಿಷನ್ ವಾತ್ಸಲ್ಯದಲ್ಲಿ ಇದಕ್ಕೂ ತಿಂಗಳಿಗೆ 4,000 ರೂಪಾಯಿ ಇದೆ. ತಾನಾಗೇ ಬರುವುದಿಲ್ಲ, ಕೇಳಬೇಕು. ಜಿಲ್ಲಾ ಘಟಕಕ್ಕೆ ಈಗಲೇ ಬರೆದು ಕೊಡು, ಸ್ವೀಕೃತಿ ಪಡೆದುಕೋ.

ಹುಡುಗರು ಹೊರಗೆ ಕಾಲಿಡುವ ಮುಂಚೆ ಅವರ ಕೈಯಲ್ಲಿ ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಸ್ವಂತ ಬ್ಯಾಂಕ್ ಖಾತೆ ಇರಬೇಕು. ಹತ್ತು ವರ್ಷ ದಾಟಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆ ತೆರೆಯಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಆದ್ದರಿಂದ 18ರ ತನಕ ಕಾಯುವ ಅಗತ್ಯವೇ ಇಲ್ಲ. ಸಂಸ್ಥೆಯ ವಿಳಾಸದಲ್ಲಿ ಮಾಡಿಸಿದ ಆಧಾರ್ ಇದ್ದರೆ ಮುಂದೆ ವಿಳಾಸ ಬದಲಾಯಿಸುವುದು ಹೇಗೆ ಎಂದೂ ಹೇಳಿಕೊಡು. ಫೇಲಾದವನಿಗೆ ಮತ್ತೆ ಪರೀಕ್ಷೆ ಕಟ್ಟಿಸು. ಅದು ಅವನಿಗೆ ಒಗ್ಗದಿದ್ದರೆ ರಾಷ್ಟ್ರೀಯ ಮುಕ್ತ ಶಾಲೆಯ ದಾರಿ ಇದೆ.

ಕಾಗದ ಪತ್ರ ಆಯಿತು. ಕಷ್ಟವಾಗುವುದು ಬೇರೆ ಕಡೆ. ಸಂಸ್ಥೆಯಲ್ಲಿ ಬೆಳೆದ ಹುಡುಗರಿಗೆ ಊಟ ಗಂಟೆ ಹೊಡೆದಾಗ ಬರುತ್ತದೆ. ಅಕ್ಕಿ ಬೆಲೆ ಗೊತ್ತಿರುವುದಿಲ್ಲ, ಕರೆಂಟ್ ಬಿಲ್ ನೋಡಿರುವುದಿಲ್ಲ, ಬಾಡಿಗೆ ಮನೆಯವರ ಜೊತೆ ಅಡ್ವಾನ್ಸ್ ಚೌಕಾಸಿ ಮಾಡಲು ಬರುವುದಿಲ್ಲ. ಈಗಿನಿಂದಲೇ ತಿಂಗಳಿಗೊಂದಿಷ್ಟು ಹಣ ಕೊಟ್ಟು, ವಾರಕ್ಕೊಮ್ಮೆ ಅವರಿಂದಲೇ ಸಂತೆ ಮಾಡಿಸು, ಅಡುಗೆ ಮಾಡಿಸು. ತಪ್ಪು ಮಾಡಲಿ, ಈಗ ನೀನು ಪಕ್ಕದಲ್ಲಿದ್ದೀಯ. ಇಬ್ಬರಿಗೂ ಒಂದೇ ಊರಲ್ಲಿ ಕೆಲಸವೋ ಕೋರ್ಸೋ ಸಿಕ್ಕಿದರೆ ಒಟ್ಟಿಗೆ ರೂಮು ಮಾಡಿಸು. ಒಬ್ಬೊಬ್ಬರೇ ಇದ್ದವರು ಬೇಗ ಕಾಲು ಜಾರುತ್ತಾರೆ.

ಅದೇ ಕಾರ್ಯಕರ್ತೆ: ಅಕ್ಕಾ, ಹಬ್ಬಕ್ಕೆ ಎಲ್ಲಿಗೆ ಹೋಗಲಿ ಅಂತ ಒಬ್ಬ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ನಿಮ್ಮ ಸಂಸ್ಥೆಯ ಬಾಗಿಲು ಹಬ್ಬದ ದಿನ ಹಳೆಯ ಹುಡುಗರಿಗೆ ತೆರೆದಿರಲಿ ಎಂದು ಆಡಳಿತ ಮಂಡಳಿಯಲ್ಲಿ ಕೇಳು, ಊಟದ ಖರ್ಚನ್ನು ಬಜೆಟ್‌ನಲ್ಲೇ ಬರೆಸು. ಅದರ ಜೊತೆಗೆ ಪ್ರತಿಯೊಬ್ಬ ಹುಡುಗನಿಗೂ ಒಂದೊಂದು ಕುಟುಂಬ ಗೊತ್ತು ಮಾಡು. ಅವನಿಗೆ ಪಾಠ ಹೇಳಿದ ಮೇಷ್ಟ್ರ ಮನೆ ಆಗಬಹುದು, ಅಡುಗೆ ಮಾಡುವ ಅಮ್ಮನ ಮನೆಯೂ ಆಗಬಹುದು. ಅವರ ಹಿನ್ನೆಲೆ ವಿಚಾರಿಸಿ, ಮೊದಲು ನೀನೂ ಜೊತೆಗೆ ಹೋಗಿ ಬಾ. ಬರುವ ಯುಗಾದಿಗೇ ಶುರು ಮಾಡು, ಜೂನ್ ತನಕ ಕಾಯಬೇಡ.