ಪೋರ್ಚುಗೀಸ್ ಕುಲನಾಮವಿದ್ದರೆ ಪೋರ್ಚುಗೀಸ್ ರಕ್ತವಿದೆಯೇ?

ಪ್ರಶ್ನೆ: ನಮ್ಮದು ಮಂಗಳೂರಿನ ಕ್ಯಾಥೊಲಿಕ್ ಕುಟುಂಬ, ಕುಲನಾಮ ಲೋಬೊ. ಪೋರ್ಚುಗಲ್‌ನಿಂದ ಹೊರಟ ಮೂವರು ಅಣ್ಣತಮ್ಮಂದಿರ ಹಡಗು ಕಡಲಲ್ಲಿ ಒಡೆದು, ಅವರಲ್ಲೊಬ್ಬರು ಇಲ್ಲಿಯೇ ನೆಲೆಸಿ ನಮ್ಮ ಮೂಲಪುರುಷರಾದರೆಂದು ಅಜ್ಜಿ ಹೇಳುತ್ತಿದ್ದರು. ಮನೆಯಲ್ಲಿ ಕೆಲವರದು ಬೆಕ್ಕಿನ ಕಣ್ಣು. ಅಣ್ಣ ಮಾಡಿಸಿದ ಡಿಎನ್ಎ ಪರೀಕ್ಷೆಯಲ್ಲಿ ತಂದೆಯ ಕಡೆಯ ಗುಂಪು ಆರ್1ಎ ಎಂದು ಬಂದಿದ್ದು, ಅದು ಪೂರ್ವ ಯುರೋಪಿನಲ್ಲಿ ಹೆಚ್ಚೆಂದು ಓದಿದ್ದೇವೆ. ಇದನ್ನೆಲ್ಲ ಸೇರಿಸಿ ವಂಶವೃಕ್ಷ ಬರೆಸಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸಬೇಕು? (ಇದು ಮುಖ್ಯವೋ ಅಲ್ಲವೋ ತಿಳಿಯದು: ಊರಿನ ಹಿರಿಯರು ಈಗಲೂ ನಮ್ಮನ್ನು ‘ಕಾಮತಿ ಮನೆಯವರು’ ಎನ್ನುತ್ತಾರೆ.)

ದಾಖಲೆ ಸಂಶೋಧಕರ ಉತ್ತರ: ನೀವು ಆವರಣದಲ್ಲಿಟ್ಟ ಕೊನೆಯ ಮಾತೇ ಇಡೀ ಪ್ರಶ್ನೆಯಲ್ಲಿ ಹೆಚ್ಚು ತೂಕದ್ದು. ಅದಕ್ಕೆ ಬರುವ ಮೊದಲು ಉಳಿದವನ್ನು ನೋಡೋಣ.

1510ರಲ್ಲಿ ಪೋರ್ಚುಗೀಸ್ ದಂಡನಾಯಕ ಅಫೊನ್ಸೊ ಡಿ ಅಲ್ಬುಕರ್ಕ್ ಗೋವೆಯನ್ನು ಗೆದ್ದ ಮೇಲೆ, ಆ ಶತಮಾನದ ಮಧ್ಯಭಾಗದಿಂದ ನಡೆದ ಮತಾಂತರಗಳಲ್ಲಿ, ಜ್ಞಾನಸ್ನಾನ ಕೊಟ್ಟ ಪಾದ್ರಿಯ ಅಥವಾ ಧರ್ಮಪಿತನಾಗಿ ನಿಂತವನ ಕುಲನಾಮವನ್ನು ಹೊಸ ಕ್ರೈಸ್ತರಿಗೆ ಇಡುವುದು ರೂಢಿಯಾಗಿತ್ತು. ಹೀಗೆ ಒಬ್ಬರಿಗೊಬ್ಬರು ನಂಟಿಲ್ಲದ ಮನೆಗಳಿಗೂ ಒಂದೇ ಹೆಸರು ಬಂದಿತು. ಇನ್‌ಕ್ವಿಸಿಷನ್ (ಚರ್ಚಿನ ಮತವಿಚಾರಣೆ), ಬರ, ಮರಾಠರ ದಾಳಿ ಮುಂತಾದ ಕಾರಣಗಳಿಂದ ಗೋವೆ ಬಿಟ್ಟು ಕನ್ನಡ ಜಿಲ್ಲೆಗಳಿಗೆ ಇಳಿದು ಬಂದವರು ಆ ಹೆಸರುಗಳನ್ನೂ ತಂದರು. ಆದ್ದರಿಂದ ಲೋಬೊ, ಪಿಂಟೊ, ಡಿಸೋಜ ಎಂಬ ಹೆಸರುಗಳು ಜ್ಞಾನಸ್ನಾನಕ್ಕೆ ಸಾಕ್ಷಿಯೇ ಹೊರತು ಹುಟ್ಟಿಗೆ ಸಾಕ್ಷಿಯಲ್ಲ. ಲೋಬೊ ಎಂದರೆ ತೋಳ. ತೋಳದ ಚಿತ್ರವಿರುವ ‘ಕುಲಲಾಂಛನ’ವನ್ನು ಮಾರುವವರಿಂದ ಅದನ್ನು ಕೊಂಡು ಗೋಡೆಗೆ ತೂಗಿಸಬೇಡಿ, ಏಕೆಂದರೆ ಲಾಂಛನ ದೊರೆಯುತ್ತಿದ್ದದ್ದು ನಿರ್ದಿಷ್ಟ ಮನೆತನಗಳಿಗೆ, ಆ ಹೆಸರಿನವರೆಲ್ಲರಿಗೂ ಅಲ್ಲ.

ಹಾಗೆಂದು ಪೋರ್ಚುಗೀಸ್ ರಕ್ತ ಬೆರೆಯಲೇ ಇಲ್ಲವೆಂದಲ್ಲ. ಸ್ಥಳೀಯ ಹೆಂಗಸರನ್ನು ಮದುವೆಯಾಗುವಂತೆ ಅಲ್ಬುಕರ್ಕನೇ ತನ್ನ ಸೈನಿಕರನ್ನು ಪ್ರೋತ್ಸಾಹಿಸಿದ್ದನು. ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ 1568–69ರ ಹೊತ್ತಿಗೆ ಪೋರ್ಚುಗೀಸರ ಕೋಟೆಗಳೆದ್ದಿದ್ದವು. ಆದರೆ ಸಾಧ್ಯತೆ ಬೇರೆ, ಪುರಾವೆ ಬೇರೆ. ಮೂವರು ಅಣ್ಣತಮ್ಮಂದಿರ ಕಥೆಯನ್ನಂತೂ ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೆಂದರೆ, ಅದು ಬಂದೊಡನೆ ಪೆನ್ನು ಕೆಳಗಿಡುವ ಅಭ್ಯಾಸವಾಗಿದೆ. ಬೆಕ್ಕಿನ ಕಣ್ಣು ಯುರೋಪಿನ ಸೋಂಕಿಲ್ಲದ ಕೊಂಕಣಿ, ಮರಾಠಿ ಮನೆಗಳಲ್ಲಿಯೂ ಕಾಣುತ್ತದೆ.

ಇನ್ನು ಡಿಎನ್ಎ. ಆರ್1ಎ ಒಂದು ದೊಡ್ಡ ಮರ. ಅದರ ಝಡ್282 ಎಂಬ ಕೊಂಬೆ ಮುಖ್ಯವಾಗಿ ಯುರೋಪಿನದು, ಝಡ್93 ಎಂಬುದು ದಕ್ಷಿಣ ಮತ್ತು ಮಧ್ಯ ಏಷ್ಯಾದ್ದು. ನಮ್ಮಲ್ಲಿ ಆರ್1ಎ ಬಂದವರದು ಬಹುತೇಕ ಎರಡನೆಯದೇ. ಪೋರ್ಚುಗಲ್‌ನ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಆರ್1ಬಿ ಎಂಬ ಬೇರೆ ಗುಂಪು. ಅಂದರೆ ನಿಮ್ಮ ಅಣ್ಣನ ಫಲಿತಾಂಶ ಅಜ್ಜಿಯ ಕಥೆಗೆ ಆಸರೆಯಾಗುವುದಿಲ್ಲ. ಕೊಂಬೆ ಯಾವುದೆಂದು ಕೇಳಿ ತಿಳಿಯಿರಿ. ಈ ಪರೀಕ್ಷೆ ತಂದೆಯ ತಂದೆಯ ತಂದೆ ಎಂಬ ಒಂದೇ ಎಳೆಯನ್ನು ಹಿಡಿಯುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪೂರ್ವಜರ ಸ್ಥಾನಗಳು 1024, ಅವುಗಳಲ್ಲಿ ಅದು ಒಂದು ಮಾತ್ರ.

ಆರಂಭ ನಿಮ್ಮಿಂದಲೇ ಆಗಲಿ. ತಂದೆತಾಯಿಯ, ಅಜ್ಜ ಅಜ್ಜಿಯರ ಮದುವೆ ಮತ್ತು ಜ್ಞಾನಸ್ನಾನದ ದಾಖಲೆಗಳನ್ನು ಆಯಾ ಚರ್ಚಿನ ಪುಸ್ತಕಗಳಲ್ಲಿ ಹುಡುಕಿ, ಪ್ರತಿ ತಲೆಮಾರಿಗೂ ಒಂದು ದಾಖಲೆ ಕೈಗೆ ಬಂದ ಮೇಲೆಯೇ ಹಿಂದಿನದಕ್ಕೆ ಹೋಗಿ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಅನೇಕ ಚರ್ಚುಗಳು ನೆಲಸಮವಾದವು. ಬದುಕುಳಿದವರು ಮರಳಿದ್ದು 1799ರ ನಂತರ. ಹೀಗಾಗಿ ಹೆಚ್ಚಿನ ಮಂಗಳೂರು ಕುಟುಂಬಗಳ ಎಳೆ 1800ರ ಸುಮಾರಿಗೆ ಕಡಿದುಹೋಗುತ್ತದೆ. ಅದರಾಚೆಗೆ ದಾಟಲು ಗೋವೆಯ ಯಾವ ಹಳ್ಳಿಯಿಂದ ಬಂದವರೆಂಬುದು ತಿಳಿದಿರಬೇಕು. ತಿಳಿದರೆ ಪಣಜಿಯ ಪತ್ರಾಗಾರದಲ್ಲಿರುವ ಹಳೆಯ ಚರ್ಚ್ ಪುಸ್ತಕಗಳು ನೆರವಿಗೆ ಬರುತ್ತವೆ. ಅವು ಪೋರ್ಚುಗೀಸ್ ಭಾಷೆಯಲ್ಲಿವೆ, ಹಲವುಗಳಲ್ಲಿ ಜಾತಿಯನ್ನೂ ನಮೂದಿಸಿದ್ದಾರೆ.

ಇಲ್ಲಿಯೇ ‘ಕಾಮತಿ’ ಎಂಬುದು ಬೆಲೆಬಾಳುವುದು. ಮತಾಂತರಕ್ಕೆ ಮುಂಚಿನ ಪ್ರಭು, ಕಾಮತಿ, ಶೆಣೈ, ನಾಯ್ಕ ಎಂಬ ಮನೆತನದ ಹೆಸರುಗಳನ್ನು ಅನೇಕ ಕುಟುಂಬಗಳು ಬಾಯಿಮಾತಿನಲ್ಲಿ ಕಾಪಾಡಿಕೊಂಡಿವೆ. ಆದರೆ ಕಾಮತಿ ಸಾರಸ್ವತ ಬ್ರಾಹ್ಮಣರಲ್ಲಿಯೂ ಇರುವ ಹೆಸರೆಂದು, ಹಡಗಿನ ಕಥೆಯನ್ನು ಬಿಟ್ಟು ಸಾರಸ್ವತ ಬ್ರಾಹ್ಮಣರ ಕಥೆಯನ್ನು ಅದೇ ಉತ್ಸಾಹದಿಂದ ತಬ್ಬಿಕೊಂಡರೆ ಹಳೆಯ ತಪ್ಪೇ ಮರುಕಳಿಸುತ್ತದೆ. ಆ ಹೆಸರನ್ನೂ ದಾಖಲೆಯ ಎದುರಿಗಿಟ್ಟೇ ನೋಡಬೇಕು.

ಇನ್ನೊಬ್ಬರ ಪ್ರಶ್ನೆ: ಗೋವೆಯಲ್ಲಿರುವ ನಮ್ಮ ಸೋದರಸಂಬಂಧಿಗೆ ಪೋರ್ಚುಗೀಸ್ ಪಾಸ್‌ಪೋರ್ಟ್ ಸಿಕ್ಕಿದೆ. ಇದು ವಂಶದ ಪುರಾವೆಯಲ್ಲವೇ?

ಉತ್ತರ: ಅಲ್ಲ. ಪೋರ್ಚುಗೀಸ್ ಆಳ್ವಿಕೆ ಮುಗಿದ 1961ರ ಡಿಸೆಂಬರಿಗೆ ಮುಂಚೆ ಗೋವೆ, ದಮನ್, ದಿಯುಗಳಲ್ಲಿ ಹುಟ್ಟಿದವರನ್ನು ಪೋರ್ಚುಗಲ್ ತನ್ನ ಪ್ರಜೆಗಳೆಂದು ಪರಿಗಣಿಸುವುದರಿಂದ ಅವರ ಮಕ್ಕಳು, ಮೊಮ್ಮಕ್ಕಳು ಆ ಹಕ್ಕನ್ನು ಕೇಳಬಹುದು. ಹಿಂದೂಗಳಿಗೂ ಮುಸ್ಲಿಮರಿಗೂ ಇದೇ ನಿಯಮ. ಆದರೂ ಅವರು ಅರ್ಜಿಗೆ ಸಲ್ಲಿಸಿದ ಜನನ ದಾಖಲೆಗಳ ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಅಜ್ಜನ ಹಳ್ಳಿಯ ಹೆಸರಿರುತ್ತದೆ.