ಮನೆಯಲ್ಲೇ ಸೋಪು, ಎಣ್ಣೆ, ಮುಲಾಮು: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಶಿವಮೊಗ್ಗದ ಸೋಪು ಕೆಮಿಸ್ಟ್ ಮೇಡಂ 4 ಗಂಟೆಯಿಂದ ಇಲ್ಲಿರ್ತಾರೆ. ಅಳತೆ, ಪಾತ್ರೆ, ಎಷ್ಟು ದಿನ ಆಯ್ತು ಅನ್ನೋದನ್ನ ಬರೆದೇ ಕೇಳಿ. ದಯವಿಟ್ಟು ಫಾರ್ವರ್ಡ್ ಬೇಡ.

ತುಂಗಾತೀರ: ನಮಸ್ತೆ ಮೇಡಂ. ಲೋಳೆಸರದ ತಿರುಳು ರುಬ್ಬಿ, ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿ ಬಾಟಲಿಗೆ ತುಂಬಿದೀನಿ. ಎಷ್ಟು ತಿಂಗಳು ಬರುತ್ತೆ?

ಕೆಮಿಸ್ಟ್: ನಮಸ್ತೆ. ತಿಂಗಳ ಮಾತೇ ಇಲ್ಲ. ಫ್ರಿಜ್ಜಲ್ಲಿಟ್ಟರೆ ನಾಲ್ಕೈದು ದಿನ. ವಿಟಮಿನ್ ಇ ಎಣ್ಣೆ ಕಮಟಾಗೋದನ್ನ ತಡ ಮಾಡುತ್ತೆ ಅಷ್ಟೆ, ನೀರಿರೋ ಪದಾರ್ಥದಲ್ಲಿ ಬೂಸ್ಟು, ಬ್ಯಾಕ್ಟೀರಿಯಾ ತಡೆಯಲ್ಲ. ಐಸ್ ಟ್ರೇಗೆ ಹಾಕಿ ಗಟ್ಟಿ ಮಾಡಿ, ದಿನಕ್ಕೊಂದು ತುಂಡು ತೆಗೀರಿ. ಎಲೆ ಕೊಯ್ದ ತಕ್ಷಣ ತಿರುಳು ತೆಗೀಬೇಡಿ. ಬುಡ ಕೆಳಗೆ ಮಾಡಿ 15 ನಿಮಿಷ ನಿಲ್ಸಿ, ಹಳದಿ ಹಾಲು ಇಳೀಲಿ. ತುರಿಕೆ ತರೋದು ಅದೇ.

ಮಳೆಹನಿ, ತೀರ್ಥಹಳ್ಳಿ: ಮೇಡಂ, ಅರ್ಧ ಲೀಟರ್ ಗಾಣದ ಕೊಬ್ಬರಿ ಎಣ್ಣೆ, 100 ಗ್ರಾಂ ಕಾಸ್ಟಿಕ್ ಸೋಡ, ಒಂದು ಲೋಟ ನೀರು. ಮೂರು ವಾರ ಆಯ್ತು. ಕೊಯ್ದರೆ ಸುಣ್ಣದ ಹಾಗೆ ಪುಡಿಪುಡಿ. ಮಗನಿಗೆ ಎರಡು ವರ್ಷ, ಹಚ್ಚಿದ ಕಡೆ ಕೆಂಪಾಗುತ್ತೆ. ಹೊಸ ಸೋಪು ಮೊದಮೊದಲು ಹಾಗೇನಾ?

ಕೆಮಿಸ್ಟ್: ಹಾಗಲ್ಲ. ಆ ಸೋಪನ್ನ ಮೊದಲು ಬಚ್ಚಲಿಂದ ತೆಗೀರಿ, ಇವತ್ತೇ. ಕೆಂಪಾದ ಜಾಗಕ್ಕೆ ಬರೀ ನೀರು ಹಾಕಿ ತೊಳೀರಿ, ವಿನಿಗರ್, ನಿಂಬೆ ಏನೂ ಬೇಡ. ಗುಳ್ಳೆ ಎದ್ದರೆ, ಚರ್ಮ ಒಡೆದು ಒದ್ದೆಯಾದರೆ ಡಾಕ್ಟರ ಹತ್ರ ಹೋಗಿ.

ತಪ್ಪಿದ್ದು ಎಲ್ಲಿ ಅಂದ್ರೆ, ನೀವು ಎಣ್ಣೆ ಅಳೆದದ್ದು ಲೀಟರಲ್ಲಿ, ಕಾಸ್ಟಿಕ್ ತೂಗಿದ್ದು ಗ್ರಾಮಲ್ಲಿ. ಅರ್ಧ ಲೀಟರ್ ಕೊಬ್ಬರಿ ಎಣ್ಣೆ ತೂಗಿದರೆ ಸುಮಾರು 460 ಗ್ರಾಂ. ಒಂದು ಗ್ರಾಂ ಕೊಬ್ಬರಿ ಎಣ್ಣೆ ಸೋಪಾಗೋಕೆ 0.183 ಗ್ರಾಂ ಕಾಸ್ಟಿಕ್ ಬೇಕು. 460ಕ್ಕೆ 84 ಗ್ರಾಂ ಆಯ್ತು. ನೀವು ಹಾಕಿದ್ದು 100. ಉಳಿದ 16 ಗ್ರಾಂ ಸೋಪಿನೊಳಗೆ ಕಾಸ್ಟಿಕ್ಕಾಗೇ ಕೂತಿದೆ, ಮಗುವಿನ ಮೈ ಸುಡ್ತಿರೋದು ಅದು. ಬರೀ ಕೊಬ್ಬರಿ ಎಣ್ಣೆ ಸೋಪನ್ನ ತಡವಾಗಿ ಕೊಯ್ದರೂ ಪುಡಿಯಾಗುತ್ತೆ, ಆದರೆ ಅದು ಮೈ ಸುಡಲ್ಲ.

ರಿಪೇರಿ ಆಗುತ್ತೆ. ತುರಿದು, ಇನ್ನೂ 115 ಗ್ರಾಂ ಎಣ್ಣೆ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಒಂದು ಗಂಟೆ ಕರಗಿಸಿ ತಿರುವಬೇಕು. ಆದರೆ ಮೊದಲು ಹೇಳಿ, ಕಾಸ್ಟಿಕ್ ಕರಗಿಸಿದ್ದು ಯಾವ ಪಾತ್ರೇಲಿ?

ಮಳೆಹನಿ: ಹಳೇ ಅಲ್ಯುಮಿನಿಯಂ ಡಬರಿ. ಬುಡ ಕಪ್ಪಾಯ್ತು, ಬುರುಬುರು ನೊರೆ ಬಂತು. ಬಿಸಿಗೆ ಅಂದ್ಕೊಂಡೆ.

ಕೆಮಿಸ್ಟ್: ಹಾಗಾದ್ರೆ ರಿಪೇರಿ ಬಿಡಿ, ಮೈಗಂತೂ ಬೇಡವೇ ಬೇಡ. ಆ ನೊರೆ ಹೈಡ್ರೋಜನ್, ಹತ್ತಿರ ಬೆಂಕಿ ಇದ್ದಿದ್ರೆ ಹೊತ್ತಿಕೊಳ್ತಿತ್ತು. ಕಾಸ್ಟಿಕ್ ಡಬರಿಯನ್ನೇ ತಿಂದಿದೆ. ಎಷ್ಟು ಅಲ್ಲಿ ಹೋಯ್ತು, ಎಷ್ಟು ಸೋಪಲ್ಲಿ ಉಳೀತು ಅನ್ನೋ ಲೆಕ್ಕ ಈಗ ಯಾರಿಗೂ ಸಿಗಲ್ಲ. ಬೇಕಾದ್ರೆ ಗ್ಲೋವ್ಸ್ ಹಾಕಿ ಆ ಸೋಪಲ್ಲಿ ಬಚ್ಚಲುಕಲ್ಲು ತಿಕ್ಕಿ. ಮುಂದಿನ ಸಲಕ್ಕೆ ಸ್ಟೀಲ್, ಇಲ್ಲವೇ ದಪ್ಪ ಪ್ಲಾಸ್ಟಿಕ್. ತಕ್ಕಡಿ ಒಂದು ಗ್ರಾಮಿನ ಲೆಕ್ಕ ತೋರಿಸೋದು. ಎಣ್ಣೆ 500 ಗ್ರಾಂ, ಕಾಸ್ಟಿಕ್ 73 ಗ್ರಾಂ, ನೀರು 150 ಗ್ರಾಂ. ಐದರಲ್ಲಿ ಒಂದು ಪಾಲು ಎಣ್ಣೆ ಸೋಪಾಗದೆ ಉಳೀಲಿ ಅಂತ್ಲೇ ಕಡಿಮೆ ಹಾಕಿರೋದು, ಇಲ್ಲದಿದ್ರೆ ಕೊಬ್ಬರಿ ಸೋಪು ಮೈ ಬಿರುಕು ಬಿಡಿಸುತ್ತೆ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರೀಬಾರದು. ಕಿಟಕಿ ತೆಗೆದಿರಲಿ, ಕಣ್ಣಿಗೆ ಕನ್ನಡಕ. ಅಚ್ಚಿಗೆ ಹೊಯ್ದ ದಿನವೇ, ಆರೆಂಟು ಗಂಟೆಯೊಳಗೆ ಕೊಯ್ರಿ. ಆಮೇಲೆ ಆರು ವಾರ ಗಾಳಿಗೆ. ನಮ್ಮ ಮಳೆಗಾಲದಲ್ಲಿ ಪ್ಯಾಕೆಟ್ ಒಡೆದಿಟ್ಟ ಕಾಸ್ಟಿಕ್ ನೀರು ಕುಡಿದು ತೂಕವೇ ಸುಳ್ಳಾಗುತ್ತೆ, ಬಿಗಿ ಡಬ್ಬಿಯಲ್ಲಿಡಿ.

ಅಡಿಕೆಮರ: ಕಾಸ್ಟಿಕ್ ಹಾಕಿದ ಮೇಲೆ ಅದು ನ್ಯಾಚುರಲ್ ಹೇಗಾಯ್ತು ಮಾರಾಯ್ರೆ? ಹಿಂದಿನವರು ಬೂದಿ, ಗೊಂಪು ಹಾಕೇ ಮೀಯ್ತಿದ್ರು.

ಸೊರಬದಕ್ಕ: ಬೂದಿನೀರೂ ಕ್ಷಾರವೇ ತಮ್ಮಾ. ಗೊಂಪು ಬರೀ ಲೋಳೆ, ಕೂದಲು ನುಣುಪಾಗುತ್ತೆ. ಎಣ್ಣೆಸ್ನಾನದ ಜಿಡ್ಡು ತೆಗಿಯೋಕೆ ಸೀಗೆಯೇ ಬೇಕು.

ಅಡಿಕೆಮರ: ನೀವು ದಾಸವಾಳದ ಗೊಂಪು ನೋಡಿರ್ತೀರಿ. ಮತ್ತಿಸೊಪ್ಪಿಂದು ನೋಡಿ ಮಾತಾಡಿ.

ಸೊರಬದಕ್ಕ: ಮತ್ತಿಸೊಪ್ಪು ನಮ್ಮ ಬೇಲೀಲೇ ಇದೆ. ಜಿಡ್ಡು ಹೋಗಲ್ಲ ಅಂದ್ರೆ ಹೋಗಲ್ಲ.

ಉಪ್ಪಾಗೆಮರ: ಮುಲಾಮಿಗೆ ಮುರುಗಲು (ಕೋಕಂ) ಬೀಜದ ತುಪ್ಪದ ಬದಲು ಉಪ್ಪಾಗೆ ಬೀಜದ ತುಪ್ಪ ಆಗುತ್ತಾ ಮೇಡಂ?

ಹೊಸನಗರ ಹುಡುಗಿ: ಗರುಗದ ಸೊಪ್ಪು, ದಾಸವಾಳ ಹಾಕಿ ಕಾಯಿಸಿದ ತಲೆಎಣ್ಣೆ ಎರಡೇ ವಾರಕ್ಕೆ ಬೂಸ್ಟು ಹಿಡೀತು.

ಕೆಮಿಸ್ಟ್: ನೀರು ಉಳಿದಿದೆ. ಹಳೇ ಲೆಕ್ಕ ಸರಿಯಾಗೇ ಇದೆ: ರುಬ್ಬಿದ ಕಲ್ಕ 1 ಪಾಲು, ಎಣ್ಣೆ 4, ರಸ 16. ಸಣ್ಣ ಉರಿ. ತಳದ ಕಲ್ಕವನ್ನ ಬೆರಳಲ್ಲಿ ಹೊಸೆದರೆ ಬತ್ತಿಯ ಹಾಗೆ ಬರಬೇಕು. ಹತ್ತಿಬತ್ತಿ ಎಣ್ಣೇಲಿ ಅದ್ದಿ ಹಚ್ಚಿ, ಚಟಚಟ ಅಂದ್ರೆ ನೀರಿದೆ, ಇನ್ನೂ ಕಾಯಿಸಿ. ಸುಮ್ಮನೆ ಉರಿದರೆ ಇಳಿಸಿ, ಬಿಸಿ ಇರುವಾಗಲೇ ಸೋಸಿ. ಬಾಟಲಿ ಒಣಗಿರಬೇಕು, ಒರೆಸಿದ್ದು ಸಾಲಲ್ಲ.

ಕಾಫಿಹೂ: ಲೋಳೆಸರ ಎಷ್ಟು ದಿನ ಇಡಬಹುದು?

ಕೆಮಿಸ್ಟ್: ಮೇಲಿದೆ.

ಮಲೆನಾಡ ಮಿತ್ರ: ಫಾರ್ವರ್ಡ್: ಹಿಮ್ಮಡಿ ಒಡಕಿಗೆ ಕೇರುಬೀಜ ಕೆಂಡದಲ್ಲಿ ಕಾಸಿ, ತೊಟ್ಟಿಕ್ಕುವ ಎಣ್ಣೆ ಹಚ್ಚಿದರೆ ಒಂದೇ ರಾತ್ರಿಗೆ ಮಾಯ. ಎಲ್ಲರಿಗೂ ಕಳಿಸಿ.

ಕೆಮಿಸ್ಟ್: ಯಾರಿಗೂ ಕಳಿಸಬೇಡಿ. ಅಗಸರು ಬಟ್ಟೆಗೆ ಗುರುತು ಹಾಕ್ತಿದ್ದದ್ದು ಇದೇ ಕೇರುಬೀಜದ ರಸದಿಂದ. ಎಷ್ಟು ಒಗೆದರೂ ಹೋಗದ ಗುರುತು ಚರ್ಮದ ಮೇಲೆ ಏನು ಮಾಡುತ್ತೆ ಯೋಚಿಸಿ. ಒಂದೆರಡು ದಿನ ಬಿಟ್ಟು ನೀರುಗುಳ್ಳೆ ಏಳುತ್ತೆ, ಅದಕ್ಕೇ ಜನ ಕಾರಣ ಇದೇ ಅಂತ ಗುರುತಿಸಲ್ಲ. ಹೊಗೆಯಿಂದಲೂ ಮುಖ ಊದುತ್ತೆ. ಸಕ್ಕರೆ ಕಾಯಿಲೆಯವರ ಕಾಲಿಗಂತೂ ಹಚ್ಚಲೇಬೇಡಿ. ಒಡಕಿಗೆ ಉಗುರುಬಿಸಿ ನೀರಲ್ಲಿ ಹತ್ತು ನಿಮಿಷ ಕಾಲಿಟ್ಟು, ಒರೆಸಿ, ಮುಲಾಮು ಹಚ್ಚಿ ಸಾಕ್ಸ್ ಹಾಕಿ: ಜೇನುಮೇಣ 20 ಗ್ರಾಂ, ಮುರುಗಲು ತುಪ್ಪ 20, ಕೊಬ್ಬರಿ ಎಣ್ಣೆ 60.

ಮಲೆನಾಡ ಮಿತ್ರ: ನಮ್ಮಜ್ಜ ಹಚ್ತಿದ್ರು, ಏನೂ ಆಗಿರ್ಲಿಲ್ಲ.

ಕೆಮಿಸ್ಟ್: ಎಲ್ಲರ ಚರ್ಮ ಒಂದೇ ಅಲ್ಲ.

ಭದ್ರಾ: ನಿಂಬೆರಸ, ಅಡುಗೆ ಸೋಡ ಮುಖಕ್ಕೆ? ಯೂಟ್ಯೂಬಲ್ಲಿ ತುಂಬಾ ಚೆನ್ನಾಗಿ ಹೇಳಿದಾರೆ.

ಕೆಮಿಸ್ಟ್: ಒಂದು ತೀರಾ ಹುಳಿ, ಇನ್ನೊಂದು ಕ್ಷಾರ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತೆ. ದೋಸೆ, ಚಿತ್ರಾನ್ನಕ್ಕೆ ಬಳಸಿ.

ಸಹ್ಯಾದ್ರಿ ಸಂತೆ: ಮನೇಲಿ ಮಾಡಿದ ಸೋಪು ಸಂತೇಲಿ ಮಾರಬಹುದಾ?

ಕೆಮಿಸ್ಟ್: ಲೈಸೆನ್ಸ್ ಬೇಕು. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ, 2020ರ ಕಾಸ್ಮೆಟಿಕ್ಸ್ ರೂಲ್ಸ್. ಔಷಧ ನಿಯಂತ್ರಣ ಇಲಾಖೆಯಲ್ಲಿ ಕೇಳಿ.

ಅಡಿಕೆಮರ: ಅಂತೂ ನಮ್ಮದೆಲ್ಲ ಡೇಂಜರ್, ಅಂಗಡೀದು ಸೇಫ್. ಕಂಪನಿಯವರು ಎಷ್ಟು ಕೊಡ್ತಾರೆ ಮೇಡಂ?

ಸೊರಬದಕ್ಕ: ನಾಲಿಗೆ ಬಿಗಿ ಹಿಡಿ. ಇಷ್ಟು ಹೊತ್ತು ಮನೇಲಿ ಮಾಡೋದನ್ನೇ ಗ್ರಾಂ ಲೆಕ್ಕದಲ್ಲಿ ಹೇಳಿಕೊಟ್ರು.

ಅಡ್ಮಿನ್: ಅಡಿಕೆಮರ ಅವರೇ, ಇದು ಕೊನೇ ಎಚ್ಚರಿಕೆ.

ಕಾವೇರಿ: ಲೋಳೆಸರಕ್ಕೆ ವಿಟಮಿನ್ ಇ ಹಾಕಿದ್ರೆ ಕೆಡಲ್ಲ ಅಲ್ವಾ?

ಕೆಮಿಸ್ಟ್: ಓದಿ ಕೇಳಿ ಪ್ಲೀಸ್.

ಮಳೆಹನಿ: ಮೇಡಂ, ಆ ಸೋಪಲ್ಲಿ ಎರಡು ತುಂಡು ಪಕ್ಕದ ಮನೆ ಬಾಣಂತಿಗೂ ಕೊಟ್ಟಿದೀನಿ.

ಕೆಮಿಸ್ಟ್: ಫೋನು ಕೆಳಗಿಟ್ಟು ಈಗಲೇ ಹೋಗಿ ಇಸ್ಕೊಂಡು ಬನ್ನಿ.

ಉಪ್ಪಾಗೆಮರ: ಉಪ್ಪಾಗೆ ತುಪ್ಪದ್ದು ಹೇಳಲೇ ಇಲ್ಲ?