ಕಿವಿ ಹಿಂದೆ ಅಂಟಿಸುವ ವಾಂತಿ ಪ್ಯಾಚ್: ತೆಗೆದ ಮೇಲೆ ಜಾಸ್ತಿ ಕಷ್ಟವಂತೆ, ಹೌದಾ?

ಬನಶಂಕರಿ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ 66 ವರ್ಷ. ಬಸ್ಸು, ಕಾರು ಯಾವುದೂ ಆಗಲ್ಲ. ತುಮಕೂರಿಗೆ ಹೋಗಬೇಕಾದರೂ ಕೈಯಲ್ಲಿ ಕವರ್ ಇರಬೇಕು. ಮೈದುನ ಸಿಯಾಟಲ್‌ನಲ್ಲಿದ್ದಾನೆ. ಯಾರನ್ನೂ ಕೇಳದೆ ಆಗಸ್ಟ್‌ನಲ್ಲಿ ಅಲಾಸ್ಕಾ ಹಡಗಿಗೆ ಬುಕ್ ಮಾಡಿಬಿಟ್ಟಿದ್ದಾನೆ, 7 ರಾತ್ರಿ. ಅಲ್ಲಿನ ಡಾಕ್ಟರ್ ಹತ್ತಿರ ಸ್ಕೊಪೊಲಮೈನ್ ಪ್ಯಾಚ್ ಬರೆಸುತ್ತಾನಂತೆ, ಒಂದು ಅಂಟಿಸಿದರೆ ಮೂರು ದಿನ ಚಿಂತೆ ಇಲ್ಲವಂತೆ. ಆದರೆ ತೆಗೆದ ಮೇಲೆ ತಲೆಸುತ್ತು ಇನ್ನೂ ಜೋರಾಗಿ ಬರುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೆದರಿಸಿದರು. ಬಳಸಿದವರು ಯಾರಾದರೂ ಇದ್ದೀರಾ? ಅತ್ತೆಗೆ ಬಿಪಿ ಮಾತ್ರೆ ಇದೆ, ರಾತ್ರಿ ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಾರೆ. ಬೇರೆ ಏನೂ ಇಲ್ಲ.

ವಿಜಯನಗರದ ಮೇಷ್ಟ್ರು:
ಅದೇ ಸಿಯಾಟಲ್, ಅದೇ ಅಲಾಸ್ಕಾ. ನಾನೂ ಹೋಗಿ ಬಂದವನೇ ತಾಯಿ. ಹಡಗಿನಲ್ಲಿ ಒಂದು ದಿನವೂ ವಾಂತಿ ಆಗಲಿಲ್ಲ. ಪಕ್ಕದ ಕ್ಯಾಬಿನ್‌ನ ಗುಜರಾತಿ ದಂಪತಿ ಬಾತ್‌ರೂಮ್ ಬಿಟ್ಟು ಹೊರಗೆ ಬರಲಿಲ್ಲ, ನಾನು ಡೆಕ್ ಮೇಲೆ ಶಾಲು ಹೊದ್ದು ಹಿಮನದಿ ನೋಡುತ್ತಾ ನಿಂತಿದ್ದೆ. ಆದ್ದರಿಂದ ಪ್ಯಾಚ್ ಕೆಟ್ಟದ್ದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ.

ಬಾಯಿ ಒಣಗುತ್ತದೆ, ಅದು ನಿಜ. ನನ್ನ ಬಾಯಿ ಏಪ್ರಿಲ್ ತಿಂಗಳ ಕೆರೆ ಅಂಗಳ ಆಗಿತ್ತು. ಚಪಾತಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೊಸರನ್ನ ಸಿಕ್ಕ ದಿನ ಬದುಕಿದೆ ಅನ್ನಿಸಿತು. ಪೇಪರ್ ಓದೋಕೆ ಹೋದರೆ ಅಕ್ಷರ ಮಸುಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಡಗು ಇಳಿದು ಪ್ಯಾಚ್ ಕಿತ್ತು ಹಾಕಿದೆ. ಆವತ್ತು ಆರಾಮ. ಮರುದಿನ ಮಧ್ಯಾಹ್ನ ಮಗನ ಮನೆಯ ಸೋಫಾದಿಂದ ಎದ್ದೆ ನೋಡಿ, ನೆಲವೇ ಒಂದು ಕಡೆಗೆ ವಾಲಿತು. ಗೋಡೆ ಹಿಡಿದುಕೊಂಡೇ ವಾಂತಿ. ಬೆವರು, ತಲೆನೋವು. ಸ್ಟ್ರೋಕ್ ಅಂತ ಹೆದರಿ ಮಗ ಕ್ಲಿನಿಕ್ಕಿಗೆ ಕರೆದುಕೊಂಡು ಓಡಿದ. ಬಾಗಿಲು ದಾಟಿದ್ದಕ್ಕೆ 240 ಡಾಲರ್. ಇಸಿಜಿಗೆ 110. ಒಂದು ಬಾಟಲಿ ಗ್ಲೂಕೋಸ್ ನೀರಿಗೆ 185. ನಮ್ಮ ಏರಿಯಾದಲ್ಲಾದರೆ ಆ ದುಡ್ಡಿಗೆ ಒಂದು ವಾರ ಅಡ್ಮಿಟ್ ಮಾಡಿಕೊಳ್ಳುತ್ತಿದ್ದರು. ಇಲ್ಲಿಂದ ಮಾಡಿಸಿಕೊಂಡು ಹೋದ ಟ್ರಾವೆಲ್ ಇನ್ಶೂರೆನ್ಸ್‌ನವರು ರಸೀದಿ, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಎಲ್ಲಾ ಪುಟದ ಜೆರಾಕ್ಸ್ ತರಿಸಿಕೊಂಡು ಕೊನೆಗೆ ಒಂದೇ ಸಾಲು ಬರೆದರು: ಔಷಧಿಯ ಅಡ್ಡ ಪರಿಣಾಮ ಪಾಲಿಸಿಯಲ್ಲಿ ಬರೋದಿಲ್ಲ.

ಡಾಕ್ಟರ್ ಅಂದದ್ದು ಇಷ್ಟೇ, ಮೂರು ದಿನಕ್ಕಿಂತ ಜಾಸ್ತಿ ಹಾಕಿಕೊಂಡು ನಿಲ್ಲಿಸಿದಾಗ ಕೆಲವರಿಗೆ ಹೀಗೆ ಆಗುತ್ತದೆ, ತಾನಾಗಿಯೇ ಹೋಗುತ್ತದೆ. ಹೋಯಿತು ಕೂಡ. ಮತ್ತೆ ಹಡಗು ಹತ್ತುವುದಾದರೆ ನಾನು ಪ್ಯಾಚ್ ಹಾಕಿಕೊಂಡೇ ಹತ್ತುತ್ತೇನೆ.

ಕೊಪ್ಪದ ಹುಡುಗ, ಈಗ ಪೀಣ್ಯ:
ಐದಾರು ರೂಪಾಯಿಯ ಅವೊಮಿನ್ ಇರುವಾಗ ಇವೆಲ್ಲ ಯಾಕೆ? ನಮ್ಮದು ಆಗುಂಬೆ ಕಡೆ. 14 ಹೇರ್‌ಪಿನ್ ತಿರುವು. ಬಸ್ ಹತ್ತುವ ಒಂದು ಗಂಟೆ ಮುಂಚೆ ಒಂದು ಮಾತ್ರೆ, ಹೊಟ್ಟೆಗೆ ಎರಡು ಇಡ್ಲಿ ಮಾತ್ರ, ಜೇಬಲ್ಲಿ ನಿಂಬೆಹಣ್ಣು. ಸೋಮೇಶ್ವರ ಬಂದದ್ದೇ ಗೊತ್ತಾಗಲ್ಲ. ಡಾಲರ್ ಜಾಸ್ತಿ ಆದವರಿಗೆ ಪ್ಯಾಚ್.

ಎಚ್‌ಎಸ್‌ಆರ್ ಲೇಔಟ್ ಅಕ್ಕ:
ಮೇಷ್ಟ್ರೇ, ನಿಮ್ಮದು ಡಾಲರ್ ಕಥೆ. ನನ್ನದು ರೂಪಾಯಿಯದ್ದು ಕೇಳಿ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಂಡಮಾನ್‌ಗೆ ಹೋಗಿದ್ದೆವು. ಹ್ಯಾವ್‌ಲಾಕ್ ಬೋಟಿಗೆ ಅಂತ ಅಮೆರಿಕದ ಕಸಿನ್ ಕೊಟ್ಟ ಪ್ಯಾಚ್ ಅಂಟಿಸಿದ್ದೆ. ಬೋಟ್ ಸೂಪರ್, ಒಂದು ತೊಂದರೆ ಇಲ್ಲ. ಬೆಂಗಳೂರಿಗೆ ವಾಪಸ್ ಬಂದ ಬೆಳಿಗ್ಗೆ ಅದು ಇನ್ನೂ ಕಿವಿ ಹಿಂದೆಯೇ ಇತ್ತು. ಕೂದಲು ಕಟ್ಟುವಾಗ ಅಂಚು ಎದ್ದಿತ್ತು, ಬೆರಳಲ್ಲಿ ಒತ್ತಿದೆ. ಹಾಗೇ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೆ. ಆಮೇಲೆ ಮೀಟಿಂಗ್‌ನಲ್ಲಿ ಸ್ಕ್ರೀನ್ ಒಂದು ಕಣ್ಣಿಗೆ ಸರಿ, ಇನ್ನೊಂದಕ್ಕೆ ಮಂಜು. ಕನ್ನಡಿಯಲ್ಲಿ ನೋಡಿದರೆ ಬಲಗಣ್ಣಿನ ಪಾಪೆ ಮಾತ್ರ ದೊಡ್ಡದಾಗಿ ಕರ್ರಗೆ ಅರಳಿಕೊಂಡಿದೆ. ಟಾರ್ಚ್ ಹಾಕಿದರೂ ಕುಗ್ಗುತ್ತಿಲ್ಲ.

ಹತ್ತಿರದ ಒಂದು ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದೆ. ಒಂದೇ ಪಾಪೆ ಹಿಗ್ಗಿದೆ ಅಂದ ಕೂಡಲೇ ಮಿದುಳಿನಲ್ಲಿ ರಕ್ತಸ್ರಾವವೋ ಏನೋ ಅಂತ ಎಲ್ಲರೂ ಓಡಾಡಿದರು. ಎಮರ್ಜೆನ್ಸಿ ಚಾರ್ಜ್ 1,500. ರಕ್ತ ಪರೀಕ್ಷೆ 2,150. ಸಿಟಿ ಸ್ಕ್ಯಾನ್ 3,800. ನ್ಯೂರೋ ಡಾಕ್ಟರ್ ಬಂದು ನೋಡಿದ್ದಕ್ಕೆ 1,200. ಎಂಆರ್‌ಐಗೆ ಮುಂಗಡ 8,500. ಬಿಪಿ, ಶುಗರ್, ಪ್ರೆಗ್ನೆನ್ಸಿ ಎಲ್ಲಾ ಕೇಳಿದರು. ಕಿವಿ ಹಿಂದೆ ಏನಾದರೂ ಅಂಟಿಸಿದ್ದೀರಾ ಅಂತ ಒಬ್ಬರೂ ಕೇಳಲಿಲ್ಲ. ಎಂಆರ್‌ಐ ಬಾಗಿಲಲ್ಲಿ ಕಿವಿಯೋಲೆ ಬಿಚ್ಚಿಸುತ್ತಿದ್ದ ಟೆಕ್ನಿಷಿಯನ್ ಹುಡುಗ ನೋಡಿದ. "ಮೇಡಂ, ಇದೇನು?" ಅಂದ. ಕೆಲವು ಪ್ಯಾಚ್‌ಗಳ ಹಿಂಬದಿಯಲ್ಲಿ ಅಲ್ಯೂಮಿನಿಯಂ ಪದರ ಇರುತ್ತದಂತೆ, ಮಷೀನ್ ಒಳಗೆ ಚರ್ಮ ಸುಡಬಹುದಂತೆ. ಅಲ್ಲಿಗೆ ರಹಸ್ಯ ಬಯಲಾಯಿತು: ಪ್ಯಾಚ್ ಒತ್ತಿದ ಬೆರಳಿನಲ್ಲಿದ್ದ ಔಷಧಿ ಲೆನ್ಸ್ ಜೊತೆ ಕಣ್ಣಿಗೆ ಹೋಗಿತ್ತು.

ಎಂಆರ್‌ಐ ಕ್ಯಾನ್ಸಲ್. ಆದರೆ ಮುಂಗಡದಲ್ಲಿ 850 'ಪ್ರೊಸೆಸಿಂಗ್' ಅಂತ ಹಿಡಿದುಕೊಂಡರು! 24 ಗಂಟೆ ಅಡ್ಮಿಟ್ ಆಗಿಲ್ಲ ಅಂತ ಇನ್ಶೂರೆನ್ಸೂ ಇಲ್ಲ. ಪಾಪೆ ತಾನಾಗಿಯೇ ಸರಿಹೋಯಿತು. ನನ್ನ 9,500 ಹೋದದ್ದು ಹೋಯಿತು.

ವಾಂತಿಮುಕ್ತ ನಾಗರಬಾವಿ:
ಎಲ್ಲರೂ ಸುಮ್ನೆ ಹೆದರಿಸುತ್ತಿದ್ದೀರಿ. ನಾನು ಆನ್‌ಲೈನ್‌ನಲ್ಲಿ ಗಿಡಮೂಲಿಕೆ ಪ್ಯಾಚ್ ತರಿಸುತ್ತೇನೆ, 299ಕ್ಕೆ ಇಪ್ಪತ್ತು. ಹೊಕ್ಕುಳಿನ ಮೇಲೆ ಅಂಟಿಸಬೇಕು. ಬಾಯಿ ಒಣಗಲ್ಲ, ಕಣ್ಣು ಮಸುಕಾಗಲ್ಲ, ತೆಗೆದ ಮೇಲೆ ಏನೂ ಆಗಲ್ಲ. ಮಡಿಕೇರಿಗೆ ಹೋಗಿ ಬಂದೆ.

ಕೊಪ್ಪದ ಹುಡುಗ, ಈಗ ಪೀಣ್ಯ:
ಒಳಗೆ ಔಷಧಿಯೇ ಇಲ್ಲದಿದ್ದರೆ ತೆಗೆದ ಮೇಲೆ ಏನಾಗುತ್ತೆ ಗುರು?

ವಾಂತಿಮುಕ್ತ ನಾಗರಬಾವಿ:
ನನಗೆ ಕೆಲಸ ಮಾಡಿದೆ. ನಿಮಗೆ ಯಾಕೆ ಉರಿ?

ರಾಜಾಜಿನಗರ ಮಗ:
ಮೇಲೆ ಮೇಷ್ಟ್ರು ಡೆಕ್ ಮೇಲೆ ಶಾಲು ಹೊದ್ದು ನಿಂತ ಕಥೆ ಓದಿ ಮೈ ಉರಿಯಿತು. ವಯಸ್ಸಾದವರಿಗೆ ಇದನ್ನು ಹಾಕಿಕೊಳ್ಳಿ ಅಂತ ಧೈರ್ಯ ತುಂಬುವ ಮುಂಚೆ ಇದನ್ನೂ ಓದಿ ಸರ್.

ನಮ್ಮ ತಂದೆಗೆ 74. ಪ್ರಾಸ್ಟೇಟ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಕೊಚ್ಚಿಯಿಂದ ಲಕ್ಷದ್ವೀಪದ ಹಡಗು. ಹೊರಡುವ ಮುಂಚೆ ನೆಂಟರೊಬ್ಬರು, ಹೆಸರು ಬೇಡ, ತಾವು ಬಳಸಿ ಉಳಿದ ಪ್ಯಾಚ್ ತಂದುಕೊಟ್ಟರು. "ಏನೂ ಆಗಲ್ಲ, ನಾನೇ ಹಾಕಿಕೊಂಡಿದ್ದೆ" ಅನ್ನುವ ಅದೇ ಮಾತು. ರಾತ್ರಿ ಎಚ್ಚರವಾಗಿ ನೋಡುತ್ತೇನೆ, ಅಪ್ಪ ಕ್ಯಾಬಿನ್ ಗೋಡೆಯನ್ನು ಪಂಚೆ ಅಂಚಿನಿಂದ ಒರೆಸುತ್ತಾ ನಿಂತಿದ್ದಾರೆ. ಇರುವೆ ಸಾಲು ಹೋಗುತ್ತಿದೆಯಂತೆ, ಅಡುಗೆಮನೆಗೆ ನುಗ್ಗುತ್ತವಂತೆ. ನನ್ನನ್ನು ನಮ್ಮ ಚಿಕ್ಕಪ್ಪನ ಹೆಸರಿನಲ್ಲಿ ಕರೆದರು. ಬೆಳಗಾಗುವ ಹೊತ್ತಿಗೆ ಮೂತ್ರ ಕಟ್ಟಿಕೊಂಡು ಹೊಟ್ಟೆ ಕಲ್ಲಾಗಿತ್ತು. ದಡ ಸೇರಿ ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದ ಮೇಲೆ ಅವರ ಮುಖ ನೋಡೋಕಾಯಿತು. ಪ್ಯಾಚ್ ತೆಗೆದರೂ ಇರುವೆ ತಕ್ಷಣ ಹೋಗಲಿಲ್ಲ. ಚರ್ಮದಲ್ಲಿ ಸೇರಿಕೊಂಡ ಔಷಧಿ ಪ್ಯಾಚ್ ಕಿತ್ತ ಮೇಲೂ ನಿಧಾನವಾಗಿ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ ಅಂದರು ಡಾಕ್ಟರ್.

ಪ್ಯಾಕೇಜಿನ ದುಡ್ಡು ಒಂದು ರೂಪಾಯಿ ವಾಪಸ್ ಬರಲಿಲ್ಲ. ಬೆಂಗಳೂರಿಗೆ ಬಂದು ಯೂರಾಲಜಿ ಡಾಕ್ಟರ್ 900, ಸ್ಕ್ಯಾನ್ 1,600, ಟ್ಯೂಬ್ ಬದಲಿಸಲು ಪ್ರತಿ ಸಲ 700, ಯೂರಿನ್ ಬ್ಯಾಗ್ ಬೇರೆ. ಆ ನೆಂಟರ ಮನೆಯ ಗೃಹಪ್ರವೇಶಕ್ಕೆ ನಾವು ಹೋಗಲಿಲ್ಲ.

ಇನ್ನೊಂದು. 2025ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯೇ ಎಚ್ಚರಿಕೆ ಕೊಟ್ಟಿದೆ. ಈ ಪ್ಯಾಚ್ ಬೆವರು ಕಡಿಮೆ ಮಾಡುತ್ತದೆ, ಮೈಶಾಖ ಅಪಾಯದ ಮಟ್ಟಕ್ಕೆ ಏರಬಹುದು ಅಂತ. ಮಕ್ಕಳಿಗೂ 60 ದಾಟಿದವರಿಗೂ ಜಾಸ್ತಿ ಅಪಾಯ. ಅಲಾಸ್ಕಾದಲ್ಲಿ ಚಳಿ, ಸರಿ. ಲಕ್ಷದ್ವೀಪದಲ್ಲಿ?

ವಿಜಯನಗರದ ಮೇಷ್ಟ್ರು:
ನಿಮ್ಮ ತಂದೆಗೆ ಆದದ್ದಕ್ಕೆ ನಾನು ಹೊಣೆಯಲ್ಲ. ಪ್ರಾಸ್ಟೇಟ್ ಇದ್ದವರಿಗೆ ಡಾಕ್ಟರನ್ನು ಕೇಳದೆ ನೆಂಟರು ಕೊಟ್ಟದ್ದನ್ನು ಅಂಟಿಸಿದವರು ನೀವು. ನನಗೆ ಚೀಟಿ ಬರೆದೇ ಕೊಟ್ಟಿದ್ದರು.

ರಾಜಾಜಿನಗರ ಮಗ:
ಚೀಟಿ ಬರೆದು ಕೊಟ್ಟರೂ ನೆಲ ವಾಲಿತಲ್ಲ ಸರ್?

ಮಲ್ಲೇಶ್ವರ ಮೆಡಿಕಲ್ಸ್:
ಮೂವತ್ತು ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಈ ಪ್ಯಾಚ್ ನನ್ನ ಅಂಗಡಿಗೆ ಸ್ಟಾಕ್ ಬಂದದ್ದೇ ಇಲ್ಲ. ಆದರೆ ಅಮೆರಿಕದಿಂದ ತಂದವರೆಲ್ಲ ಕೌಂಟರ್ ಮುಂದೆ ನಿಂತು ನನ್ನನ್ನೇ ಕೇಳುತ್ತಾರೆ. ಮೊನ್ನೆ ಒಬ್ಬರು ಹಯೋಸಿನ್ ಮಾತ್ರೆ ಕೊಡಿ, ಅದೂ ಇದೂ ಒಂದೇ ಅಂತ ಗೂಗಲ್‌ನಲ್ಲಿದೆ ಅಂದರು. ಸ್ಕೊಪೊಲಮೈನ್‌ಗೆ ಹಯೋಸಿನ್ ಅಂತಲೂ ಹೆಸರಿದೆ, ಆದರೆ ನಮ್ಮಲ್ಲಿ ಹೊಟ್ಟೆ ಹಿಡಿತಕ್ಕೆ ಕೊಡುವುದು ಹಯೋಸಿನ್ ಬ್ಯುಟೈಲ್‌ಬ್ರೋಮೈಡ್. ಅದು ಮಿದುಳಿಗೆ ಅಷ್ಟಾಗಿ ಹೋಗೋದೇ ಇಲ್ಲ, ಬಸ್ಸಿನ ವಾಂತಿಗೆ ಉಪಯೋಗವಿಲ್ಲ. ಹೇಳಿದರೆ ನನ್ನ ಮೇಲೇ ರೇಗಿ ಎದುರಿನ ಅಂಗಡಿಗೆ ಹೋದರು. ಎದುರಿನವರು ಕೊಟ್ಟಿರುತ್ತಾರೆ, ಅವರ ವಿಷಯ ಬೇಡ.

ಮೇಷ್ಟ್ರಿಗೆ ಆದದ್ದು ಯಾಕೆ ಅಂದರೆ, ಈ ಔಷಧಿ ಅಸಿಟೈಲ್‌ಕೋಲಿನ್ ಅನ್ನುವ ಸಂದೇಶವನ್ನು ತಡೆಯುತ್ತದೆ. ದಿನಗಟ್ಟಲೆ ತಡೆದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ತಟ್ಟನೆ ನಿಂತಾಗ ಅದೇ ಸಂದೇಶ ಜೋರಾಗುತ್ತದೆ. ಅದಕ್ಕೇ ವಾಂತಿ, ಬೆವರು, ತಲೆಸುತ್ತು. ತೆಗೆದ ತಕ್ಷಣ ಬರೋದಿಲ್ಲ, ಸಾಮಾನ್ಯವಾಗಿ 24 ಗಂಟೆ ಕಳೆದ ಮೇಲೆ. ಎಷ್ಟೋ ಜನ ಇದನ್ನು ಊಟದ ದೋಷ ಅಂತಲೋ ಜೆಟ್‌ಲ್ಯಾಗ್ ಅಂತಲೋ ಅಂದುಕೊಳ್ಳುತ್ತಾರೆ.

ಅವೊಮಿನ್ ಹುಡುಗನಿಗೂ ಒಂದು ಮಾತು. ಅದರಲ್ಲಿರುವುದು ಪ್ರೊಮೆಥಜೀನ್. ವಯಸ್ಸಾದವರಿಗೆ ಅದರಲ್ಲೂ ಬಾಯಿ ಒಣಗುವುದು, ಮಂಪರು, ಮೂತ್ರ ಕಟ್ಟುವುದು ಎಲ್ಲಾ ಇದೆ. ಪ್ಯಾಚ್ ಮೇಲೆ ಅದನ್ನೂ ನುಂಗಿದರೆ ಎರಡರ ಪರಿಣಾಮವೂ ಸೇರಿಕೊಳ್ಳುತ್ತದೆ.

ಸೊಸೆ ಮೇಡಂ, ಅತ್ತೆಯ ಕಣ್ಣಿನ ಡ್ರಾಪ್ಸ್ ಹೆಸರೇನು?

ಕೊಪ್ಪದ ಹುಡುಗ, ಈಗ ಪೀಣ್ಯ:
ನಮ್ಮಜ್ಜಿ 80 ದಾಟಿದರೂ ಅವೊಮಿನ್ ಹಾಕಿಕೊಂಡೇ ಧರ್ಮಸ್ಥಳಕ್ಕೆ ಹೋಗುತ್ತಿದ್ದರು ಸರ್. ಏನೂ ಆಗಿಲ್ಲ.

ಎಚ್‌ಎಸ್‌ಆರ್ ಲೇಔಟ್ ಅಕ್ಕ:
"ನಮ್ಮಜ್ಜಿಗೆ ಏನೂ ಆಗಿಲ್ಲ" ಅನ್ನುವವರಿಂದಲೇ ಈ ದೇಶದ ಎಮರ್ಜೆನ್ಸಿ ವಾರ್ಡ್‌ಗಳು ತುಂಬಿರೋದು.

ಬೆಂಗಳೂರ್ ಟು ಬೋಸ್ಟನ್:
ನಮ್ಮ ಮನೆಯಲ್ಲಿ ಪ್ಯಾಚನ್ನು ಕತ್ತರಿಯಲ್ಲಿ ಅರ್ಧ ಮಾಡಿ ಹಾಕುತ್ತೇವೆ. ಕೊನೆಯಲ್ಲಿ ಕಾಲು ಭಾಗ. ಹೀಗೆ ಇಳಿಸಿಕೊಂಡು ಬಂದರೆ ನಿಲ್ಲಿಸಿದಾಗ ಕಷ್ಟ ಇಲ್ಲ. ದುಡ್ಡೂ ಉಳಿಯಿತು. ಎಲ್ಲರೂ ಟ್ರೈ ಮಾಡಿ.

ಮಲ್ಲೇಶ್ವರ ಮೆಡಿಕಲ್ಸ್:
ದಯವಿಟ್ಟು ಯಾರೂ ಟ್ರೈ ಮಾಡಬೇಡಿ. ಕತ್ತರಿಸಬಾರದು ಅಂತ ಅದರ ಪೆಟ್ಟಿಗೆ ಚೀಟಿಯಲ್ಲೇ ಇದೆ. ಔಷಧಿ ಎಷ್ಟೆಷ್ಟು ಹೊರಗೆ ಬರಬೇಕು ಅನ್ನೋದನ್ನು ಅದರ ಪದರಗಳೇ ಹಿಡಿದಿಟ್ಟಿರುತ್ತವೆ. ಅಂಟಿಸಿದ ಮೇಲೆ, ತೆಗೆದ ಮೇಲೆ ಎರಡು ಸಲವೂ ಸೋಪಿನಲ್ಲಿ ಕೈ ತೊಳೆಯಬೇಕು. ಬಳಸಿದ ಪ್ಯಾಚ್‌ನಲ್ಲೂ ಔಷಧಿ ಉಳಿದಿರುತ್ತದೆ. ಅಂಟು ಒಳಗಾಗುವ ಹಾಗೆ ಮಡಚಿ, ಮಗು ನಾಯಿ ಮುಟ್ಟದ ಕಡೆ ಎಸೆಯಿರಿ.

ಬೆಂಗಳೂರ್ ಟು ಬೋಸ್ಟನ್:
ಇಲ್ಲಿ ಎಲ್ಲರೂ ಡಾಕ್ಟರ್ ಆಗಿಬಿಟ್ಟಿದ್ದಾರೆ.

ಸಾವಯವ ಬಸವನಗುಡಿ:
ಸ್ಕೊಪೊಲಮೈನ್ ಇರೋದು ನಮ್ಮ ಮದಗುಣಿಕೆ ಗಿಡದಲ್ಲೂ. ಶಿವರಾತ್ರಿಗೆ ಶಿವನಿಗೆ ಏರಿಸುವ ದತ್ತೂರಿ ಹೂ ಅದೇ. ನಮ್ಮ ಹಿತ್ತಲ ಗಿಡವನ್ನೇ ಪ್ಯಾಚ್ ಮಾಡಿ ನಮಗೇ ಡಾಲರ್‌ಗೆ ಮಾರುತ್ತಾರೆ. ಎಲೆ ಜಜ್ಜಿ ಕಿವಿ ಹಿಂದೆ ಕಟ್ಟಿಕೊಂಡರೆ ಸಾಕಲ್ವಾ?

ಕೊಪ್ಪದ ಹುಡುಗ, ಈಗ ಪೀಣ್ಯ:
ನಮ್ಮೂರಲ್ಲಿ ದನ ಕೂಡ ಮದಗುಣಿಕೆ ತಂಟೆಗೆ ಹೋಗಲ್ಲ. ನೀವು ಕಿವಿಗೆ ಕಟ್ಟಿಕೊಳ್ಳಿ ಸ್ವಾಮಿ.

ಮಲ್ಲೇಶ್ವರ ಮೆಡಿಕಲ್ಸ್:
ಅದು ಹುಡುಗಾಟದ ಗಿಡ ಅಲ್ಲ, ಅದರ ಬೀಜ ತಿಂದು ಸತ್ತವರಿದ್ದಾರೆ. ಒಂದು ಪ್ಯಾಚ್‌ನಿಂದ ಮೂರು ದಿನದಲ್ಲಿ ಮೈಗೆ ಸೇರೋದು ಒಟ್ಟು 1 ಮಿಲಿಗ್ರಾಂ. ಒಂದು ಎಲೆಯಲ್ಲಿ ಎಷ್ಟಿದೆ ಅಂತ ಯಾವ ತಕ್ಕಡಿಯಲ್ಲಿ ತೂಗುತ್ತೀರಿ? ಸೊಸೆ ಮೇಡಂ, ಡ್ರಾಪ್ಸ್ ಹೆಸರು ಹೇಳಲಿಲ್ಲ.

ಬನಶಂಕರಿ ಸೊಸೆ:
ಸಾರಿ ಸರ್, ಅಡುಗೆಯಲ್ಲಿದ್ದೆ. ಬಾಟಲಿ ಮೇಲೆ ಲ್ಯಾಟನೋಪ್ರೋಸ್ಟ್ ಅಂತ ಇದೆ. ಕಣ್ಣಿನ ಪ್ರೆಷರ್‌ಗೆ ಅಂದಿದ್ದರು.

ಮಲ್ಲೇಶ್ವರ ಮೆಡಿಕಲ್ಸ್:
ಹಾಗಾದರೆ ಅತ್ತೆಗೆ ಗ್ಲಾಕೋಮಾ ಇರಬಹುದು. ಕಣ್ಣೊಳಗಿನ ನೀರು ಹೊರಹೋಗುವ ಕೋನ ಮುಚ್ಚುವ ಬಗೆಯದ್ದಾಗಿದ್ದರೆ ಈ ಪ್ಯಾಚ್ ಹಾಕಲೇಬಾರದು. ಕಣ್ಣಿನ ಒತ್ತಡ ಥಟ್ಟನೆ ಏರಿ ದೃಷ್ಟಿಗೇ ಕುತ್ತು. ಇನ್ನೊಂದು ಬಗೆಯಾದರೂ ಒತ್ತಡ ನೋಡಿಸಿಕೊಂಡೇ ತೀರ್ಮಾನ ಮಾಡಬೇಕು. ಅಮೆರಿಕದ ಡಾಕ್ಟರ್ ಬರೆಯುವ ಮುಂಚೆ ಇಲ್ಲಿ ಅವರ ಕಣ್ಣಿನ ಡಾಕ್ಟರ್ ಹತ್ತಿರ, ಇಲ್ಲವೇ ಮಿಂಟೋ ಕಣ್ಣಾಸ್ಪತ್ರೆಗೆ ಹೋಗಿ, ಯಾವ ಬಗೆ ಅಂತ ಬರೆಸಿಕೊಳ್ಳಿ. ಮೈದುನನಿಗೆ ಇವತ್ತೇ ಫೋನ್ ಮಾಡಿ.

ಬನಶಂಕರಿ ಸೊಸೆ:
ಅಯ್ಯೋ. ಸರಿ ಸರ್, ಥ್ಯಾಂಕ್ಸ್.

ವಿಜಯನಗರದ ಮೇಷ್ಟ್ರು:
ಹಡಗಿನ ಮಧ್ಯಭಾಗದ, ಕೆಳಗಿನ ಮಹಡಿಯ ಕ್ಯಾಬಿನ್ ಕೇಳಿ ತಾಯಿ. ಅಲ್ಲಿ ತೂಗಾಟ ಕಡಿಮೆ. ನನ್ನ ಮಗ ಬಾಲ್ಕನಿ ಬೇಕು ಅಂತ ಮೇಲಿನದ್ದು ತೆಗೆದುಕೊಂಡ, 600 ಡಾಲರ್ ಜಾಸ್ತಿ ಕೊಟ್ಟು.

ಕೊಪ್ಪದ ಹುಡುಗ, ಈಗ ಪೀಣ್ಯ:
ಬಸ್ಸಿನಲ್ಲೂ ಅಷ್ಟೇ, ಹಿಂದೆ ಕೂತರೆ ಮುಗಿಯಿತು. ಆದರೆ ಮುಂದಿನ ಸೀಟೆಲ್ಲ ಮಹಿಳೆಯರಿಗೆ. ಶಕ್ತಿ ಯೋಜನೆ ಬಂದ ಮೇಲಂತೂ ಚಕ್ರದ ಮೇಲಿನ ಸೀಟೂ ಸಿಗಲ್ಲ. ವಾಂತಿ ಬರುವ ಗಂಡಸರು ಎಲ್ಲಿ ಕೂರಬೇಕು?

ಎಚ್‌ಎಸ್‌ಆರ್ ಲೇಔಟ್ ಅಕ್ಕ:
ಶುರುವಾಯಿತು. 2023ರ ಜೂನ್‌ಗೆ ಮುಂಚೆ ನೀವೇನು ಡ್ರೈವರ್ ಪಕ್ಕ ಕೂತು ಹೋಗುತ್ತಿದ್ದಿರಾ? ಐರಾವತಕ್ಕೆ ಶಕ್ತಿ ಅನ್ವಯಿಸಲ್ಲ. ದುಡ್ಡು ಕೊಟ್ಟು ಮುಂದಿನ ಸೀಟ್ ಬುಕ್ ಮಾಡಿಕೊಳ್ಳಿ.

ಕೊಪ್ಪದ ಹುಡುಗ, ಈಗ ಪೀಣ್ಯ:
ಐರಾವತದ ಎಸಿ ವಾಸನೆಗೇ ನನಗೆ ಬರೋದು ಮೇಡಂ.

ವಾಂತಿಮುಕ್ತ ನಾಗರಬಾವಿ:
ಲಿಂಕ್ ಕಳಿಸಲಾ? 299ಕ್ಕೆ ಇಪ್ಪತ್ತು.